ನೊಬೆಲ್ ಹೆಸರು ಹೇಳಿ ಗದ್ದೆ ಮಾರಿಸುವವರನ್ನು ತಡೆಯಿರಿ

ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತದ ಆಯುಕ್ತರಿಗೆ,



ಮೂವತ್ತು ವರ್ಷಗಳಿಂದ ನಾನು ಮುಂಬೈನ ಸಯನ್‌ನಲ್ಲಿದ್ದೇನೆ. ಕಳೆದ ವರ್ಷ ನನ್ನ ತಂಗಿಯ ಮಗ ಲೋಕಲ್ ರೈಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಮೇಲೆ ಒಂದು ಖಾಸಗಿ ಕ್ಲಿನಿಕ್‌ನವರು ಸಿಕ್ಕಿದರು. ಮೈಕ್ರೋಆರ್‌ಎನ್‌ಎ ತುಂಬಿದ ಎಕ್ಸೋಸೋಮ್ (ಜೀವಕೋಶಗಳು ಹೊರಬಿಡುವ ಅತಿಸೂಕ್ಷ್ಮ ಚೀಲ) ಇಂಜೆಕ್ಷನ್ ಕೊಟ್ಟರೆ ಹುಡುಗ ನಡೆಯುತ್ತಾನೆ, ಇದಕ್ಕೆ ನೊಬೆಲ್ ಬಂದಿದೆ ಎಂದರು. ಕೇಳಿದ್ದು ಲಕ್ಷಗಟ್ಟಲೆ. ತಂಗಿ ಕುಂದಾಪುರದ ಗದ್ದೆ ಮಾರಲು ಹೊರಟಿದ್ದಾಳೆ.

ನೊಬೆಲ್ ಬಂದದ್ದು ನಿಜ. 2024ರಲ್ಲಿ ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಇಬ್ಬರಿಗೂ ಕೊಟ್ಟರು. ಆದರೆ ಅದು ಚಿಕಿತ್ಸೆಗಲ್ಲ. ಮಿಲಿಮೀಟರ್ ಉದ್ದದ ಹುಳುವೊಂದರಲ್ಲಿ ಅವರು ಕಂಡ, 1993ರಲ್ಲಿ ಪ್ರಕಟವಾದ ಶೋಧಕ್ಕೆ. ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕು. ಪ್ರೋಟೀನ್ ತಯಾರಿಸಲು ಹೊರಟ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. ಪೆಟ್ಟು ಬಿದ್ದ ಬೆನ್ನುಹುರಿಯಲ್ಲಿ ಇವುಗಳ ಪ್ರಮಾಣ ಏರುಪೇರಾಗುತ್ತದೆ. ಅದನ್ನು ಸರಿಪಡಿಸಿದರೆ ಊತ ಇಳಿದೀತೇ, ನರ ಚಿಗುರೀತೇ ಎಂದು ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗಿಸಿ ನೋಡುತ್ತಿದ್ದಾರೆ. ನನಗೂ ಆ ಕೆಲಸದ ಮೇಲೆ ನಂಬಿಕೆಯಿದೆ. ಆದರೆ ಒಂದೇ ತುಣುಕು ನೂರಾರು ಜೀನ್‌ಗಳ ಮೇಲೆ ಕೈಯಾಡಿಸಬಲ್ಲದು. 2016ರಲ್ಲಿ ಕ್ಯಾನ್ಸರ್ ರೋಗಿಗಳ ಮೇಲಿನ ಮೈಕ್ರೋಆರ್‌ಎನ್‌ಎ ಪ್ರಯೋಗವೊಂದನ್ನು ತೀವ್ರ ಅಡ್ಡಪರಿಣಾಮಗಳಿಂದಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಬೆನ್ನುಹುರಿಗಾಗಿ ಒಪ್ಪಿಗೆ ಪಡೆದ ಇಂಥ ಔಷಧ ಎಲ್ಲೂ ಇಲ್ಲ.

ಪ್ರಯೋಗವೇ ಆಗಿದ್ದರೆ ಅದಕ್ಕೆ ನಿಯಮವಿದೆ. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ 2009ರಿಂದ ಕಡ್ಡಾಯ. ಪ್ರಯೋಗಕ್ಕೆ ಸೇರಿದವರಿಂದ ಹಣ ಪಡೆಯಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳಿದ್ದಕ್ಕೆ ಆ ಕ್ಲಿನಿಕ್‌ನವರು ಮಾತು ಬದಲಿಸಿದರು. ರಸೀದಿಯ ಮಾತೂ ಎತ್ತಲಿಲ್ಲ.

ಲೋಕಮಾನ್ಯ ತಿಲಕ್ ಆಸ್ಪತ್ರೆ ಇರುವ ಊರು ನಮ್ಮದು. ಬೆನ್ನುಹುರಿಗೆ ಪೆಟ್ಟಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಹುಡುಗರ ತಾಯಂದಿರು ಸುತ್ತಲಿನ ಚಾಳ್‌ಗಳಲ್ಲಿದ್ದಾರೆ. ಎರಡು ತಾಸಿಗೊಮ್ಮೆ ಮಗನನ್ನು ಹೊರಳಿಸಿ ಮಲಗಿಸುವುದು, ಹಾಸಿಗೆ ಹುಣ್ಣು ತೊಳೆಯುವುದು, ಕ್ಯಾಥೆಟರ್ ಬದಲಿಸುವುದು, ಎಲ್ಲಾ ಅವರೇ ಕಲಿಯಬೇಕು. ಲಕ್ಷಾಂತರ ರೂಪಾಯಿಯ ಇಂಜೆಕ್ಷನ್ ಕೊಡುವವರ ಕಣ್ಣಿಗೆ ಬೀಳುವವರು ಇವರೇ.

ಆದ್ದರಿಂದ ಇಂಥ ಇಂಜೆಕ್ಷನ್ ಮಾರುವ ಕ್ಲಿನಿಕ್‌ಗಳನ್ನು ತಪಾಸಣೆ ಮಾಡಿ. ಚಿಕಿತ್ಸೆಗೆ ಒಪ್ಪಿಗೆ ಇದೆಯೇ ಎಂದು ಜನ ಫೋನಿನಲ್ಲಿ ಕೇಳುವ ಸಹಾಯವಾಣಿ ತೆರೆಯಿರಿ. ಮರಾಠಿ, ಹಿಂದಿ, ಕನ್ನಡ, ತಮಿಳಿನಲ್ಲಿ ಉತ್ತರ ಸಿಗಲಿ. ಮುನ್ಸಿಪಲ್ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಅದರ ನಂಬರ್ ದೊಡ್ಡದಾಗಿ ಬರೆಸಿ.

ಗದ್ದೆಯ ಕಾಗದಕ್ಕೆ ತಂಗಿ ಇನ್ನೂ ಸಹಿ ಹಾಕಿಲ್ಲ. “ಅಕ್ಕಾ, ಏನು ಮಾಡಲಿ?” ಎಂದು ದಿನಾ ಫೋನ್ ಮಾಡುತ್ತಾಳೆ.

ಇತಿ,
ಸಯನ್‌ನ ಒಬ್ಬ ನಿವಾಸಿ