ಊರಿನ ಕಾರ್ಯಕರ್ತರು ಮತ್ತು ಪಕ್ಷದ ನೀತಿ

ರಾಜಕೀಯ ಪಕ್ಷವೊಂದರ ನಡತೆ ಜನರಿಗೆ ಮೊದಲು ಕಾಣುವುದು ಊರಿನ ಕಾರ್ಯಕರ್ತರಲ್ಲಿ. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಹೋಗುವವರು, ಪಿಂಚಣಿಗೆ ಅರ್ಜಿ ಬರೆಸುವವರು, ಮತಗಟ್ಟೆಯಲ್ಲಿ ಏಜೆಂಟರಾಗಿ ಕೂರುವವರು ಅವರೇ. ಅವರಲ್ಲಿ ಅರಿವು ಮೂಡಿಸಲು ಪಕ್ಷಗಳು ತರಬೇತಿ ಶಿಬಿರ ನಡೆಸುತ್ತವೆ. ಶಿಬಿರ ಬೇಡವೆಂದಲ್ಲ; ಆದರೆ ಹೊಣೆಯೂ ಇಲ್ಲದ, ಮಾತಿಗೆ ಬೆಲೆಯೂ ಇಲ್ಲದ ಸದಸ್ಯರಿಗೆ ಭಾಷಣದಿಂದ ನೀತಿ ಬರುವುದಿಲ್ಲ.

ಸದಸ್ಯತ್ವಕ್ಕೆ ದುಡಿಮೆಯನ್ನು ಜೋಡಿಸುವ ಪ್ರಯತ್ನ ಹಿಂದೆ ನಡೆದಿತ್ತು. ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಸದಸ್ಯರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮ ಬಂತು. ತಾವೇ ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ಕೊಡಬಹುದಿತ್ತು; ಮರುವರ್ಷವೇ ನಿಯಮ ಸಡಿಲವಾಯಿತು. ಮೇಲಿನಿಂದ ಹೇರಿದ ಷರತ್ತು, ಅದರ ಉದ್ದೇಶ ಎಷ್ಟೇ ಉದಾತ್ತವಾಗಿದ್ದರೂ, ತಾನಾಗಿ ಒಳಗಿನ ನಂಬಿಕೆಯಾಗದು.

1951ರ ಕಾಗೋಡು ಸತ್ಯಾಗ್ರಹದ ದಾರಿ ಬೇರೆ. ಅಲ್ಲಿ ಗೇಣಿದಾರರ ತಕರಾರು ಭತ್ತ ಅಳೆಯುವ ಕೊಳಗದ್ದು. ಅವರ ಬೆಂಬಲಕ್ಕೆ ನಿಂತ ಸಮಾಜವಾದಿ ಕಾರ್ಯಕರ್ತರು ಗೇಣಿಯ ಲೆಕ್ಕ ತಿಳಿಯಬೇಕಾಯಿತು, ಒಕ್ಕಲೆಬ್ಬಿಸುವಿಕೆಯನ್ನು ಎದುರಿಸಬೇಕಾಯಿತು, ಜೈಲಿಗೂ ಹೋಗಬೇಕಾಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು; ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಸಿದ್ಧಾಂತವನ್ನು ಗದ್ದೆಯ ಬದುವಿನಲ್ಲಿ ಕಲಿತ ಕಾರ್ಯಕರ್ತರಿಗೆ ಪಕ್ಷವೆಂದರೆ ಟಿಕೆಟ್ ಹಂಚುವ ಕಚೇರಿ ಮಾತ್ರವಾಗಿ ಉಳಿಯಲಿಲ್ಲ.

ಇಂದಿನ ಪರೀಕ್ಷೆ ನಡೆಯುವುದು ಗ್ರಾಮಸಭೆಯಲ್ಲಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಊರಿನ ವೈಮನಸ್ಯ ಕಡಿಮೆಯಾಗಲೆಂಬ ಆಶಯ ಒಳ್ಳೆಯದೇ. ಆದರೆ ‘ಬೆಂಬಲಿತ ಅಭ್ಯರ್ಥಿ’ ಎಂಬ ಹೆಸರಿನಲ್ಲಿ ಪಕ್ಷಗಳು ಒಳಗೇ ಇರುತ್ತವೆ. ಗೆದ್ದರೆ ತಮ್ಮವರೆನ್ನುತ್ತವೆ, ತಪ್ಪು ಮಾಡಿದರೆ ಹೊಣೆ ಹೊರುವುದಿಲ್ಲ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನು ಸಭೆಯಲ್ಲಿ ಓದುವಾಗ ಗುಡಿಸಲಿನ ವಿಧವೆಯ ಹೆಸರು ಬಿಟ್ಟು ಸ್ವಂತ ಮನೆಯಿರುವ ಬೆಂಬಲಿಗನ ಹೆಸರು ಸೇರಿದ್ದರೆ, ಅದೇ ಪಕ್ಷದವರು ಎದ್ದು ಆಕ್ಷೇಪಿಸುತ್ತಾರೆಯೇ? ಚುನಾಯಿತ ಮಹಿಳೆಯ ಕುರ್ಚಿಯಲ್ಲಿ ಗಂಡ ಕೂತಾಗ ಏಳಿಸುತ್ತಾರೆಯೇ? ಇದಕ್ಕೆ ಪಂಚಾಯತ್ ರಾಜ್ ಕಾಯ್ದೆಯ ತಿಳಿವಳಿಕೆ ಬೇಕು. ಅದಕ್ಕಿಂತ ಹೆಚ್ಚಾಗಿ, ಹಾಗೆ ಮಾತಾಡಿದವರನ್ನು ಪಕ್ಷ ದೂರ ಮಾಡುವುದಿಲ್ಲವೆಂಬ ಭರವಸೆ ಬೇಕು.

ಆ ಭರವಸೆ ಹುಟ್ಟುವುದು ಪಕ್ಷದ ಒಳಾಡಳಿತದಿಂದ. ಹೋಬಳಿ, ತಾಲ್ಲೂಕು ಸಮಿತಿಗಳನ್ನು ನಾಮನಿರ್ದೇಶನದ ಬದಲು ಸದಸ್ಯರ ಮತದಿಂದ ಆರಿಸಬೇಕು. ಚುನಾವಣೆಗೆ ಬಂದ ಹಣ, ಆದ ಖರ್ಚು ಎರಡನ್ನೂ ಸ್ಥಳೀಯ ಸಭೆಯ ಮುಂದಿಡಬೇಕು. ಹಣ ಹಂಚಲು ನಿರಾಕರಿಸಿದ ಕಾರ್ಯಕರ್ತರಿಗೆ ಮುಂದಿನ ಸಮಿತಿಯಲ್ಲೂ ಸ್ಥಾನ ಉಳಿಯಬೇಕು.