ಕಂಬಳಿ ಹಂಚಿದ್ದು ಸಾಕು, ಹಕ್ಕಿನ ಕಡತ ಹಿಡಿಯಿರಿ

ಗುಂಡ್ಲುಪೇಟೆಯ ಕಾಡಂಚಿನ ಹಾಡಿಗಳಿಗೆ ಸಮಾಜಸೇವೆಯ ಹೆಸರಲ್ಲಿ ಬರುವ ವಾಹನದಿಂದ ಇಳಿಯುವುದು ಕಂಬಳಿ, ಶಾಲಾ ಬ್ಯಾಗು, ಆರೋಗ್ಯ ಶಿಬಿರದ ಬ್ಯಾನರು. ಜೇನುಕುರುಬರಿಗೆ, ಸೋಲಿಗರಿಗೆ ಇವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ನಮೂನೆ, ಕಂದಾಯ ನಕ್ಷೆ, ತಿರಸ್ಕೃತ ಅರ್ಜಿಯ ಮೇಲ್ಮನವಿ ಹಿಡಿದು ಬರುವವರು ತೀರಾ ಅಪರೂಪ. ಕಾಯ್ದೆ ಬಂದದ್ದು 2006ರಲ್ಲಿ. ಇಷ್ಟು ವರ್ಷ ಕಳೆದ ಮೇಲೂ ಹೀಗಿರುವುದು ಸಮಾಜಕಾರ್ಯ ಎಂಬ ವೃತ್ತಿಯ ಸೋಲು.

ಈ ಚಾಮರಾಜನಗರ ಜಿಲ್ಲೆಯಲ್ಲಿ ಸಮಾಜ ಕಾರ್ಯಕರ್ತ ಏನು ಮಾಡಬೇಕೆಂಬುದನ್ನು ಯಾವಾಗಲೂ ಕಾನೂನೇ ನಿರ್ಧರಿಸಿದೆ. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು, ಮರುವರ್ಷ ಬಿಳಿಗಿರಿರಂಗನಬೆಟ್ಟ ಅಭಯಾರಣ್ಯವಾಯಿತು. ಕಾಡೊಳಗೆ ಚದುರಿದ್ದವರನ್ನು ರಸ್ತೆಬದಿಯ ಪೋಡುಗಳೆಂಬ ಸೋಲಿಗರ ವಸತಿಗಳಿಗೂ ಕಾಲೊನಿಗಳಿಗೂ ತಂದು ಕೂರಿಸಿದರು. ಆಗ ಬೇಕಾಗಿದ್ದದ್ದು ಆಸ್ಪತ್ರೆ, ಶಾಲೆ. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆ ಕೆಲಸವನ್ನು ಶ್ರದ್ಧೆಯಿಂದ ಮಾಡಿತು. ಮುಂದೆ 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಬೆನ್ನಿಗೆ ಅಭಯಾರಣ್ಯದಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಸಂಗ್ರಹ ನಿಂತುಹೋಯಿತು. ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಕ್ಕೆ ಕಿರು ಅರಣ್ಯ ಉತ್ಪನ್ನ ಮಾರಿ ಬದುಕುತ್ತಿದ್ದವರು ಕೂಲಿಗೆ ಕೊಡಗಿನ ಕಾಫಿ ತೋಟಗಳ ದಾರಿ ಹಿಡಿದರು. ಸಂಸ್ಥೆಗಳು 'ಪರ್ಯಾಯ ಜೀವನೋಪಾಯ'ದ ತರಬೇತಿಗೆ ಹೊರಳಿದವು.

2006ರ ಕಾಯ್ದೆ ಮಾತ್ರ ಬೇರೆ ಬಗೆಯದು. ಅರ್ಜಿ ಪರಿಶೀಲನೆಯನ್ನು ಅದು ಮೊದಲು ಗ್ರಾಮಸಭೆಯ ಕೈಗೆ ಕೊಟ್ಟಿತು. ದಾಖಲೆ ಇಲ್ಲದವರ ಪಾಲಿಗೆ ಹಿರಿಯರ ಹೇಳಿಕೆಯೂ ಸಾಕ್ಷಿ ಎಂದಿತು. ಬಿಳಿಗಿರಿಯಲ್ಲಿ ಇದನ್ನು ಬಳಸಿಕೊಂಡ ರೀತಿ ಪ್ರತಿ ಸಮಾಜಕಾರ್ಯ ವಿದ್ಯಾರ್ಥಿಗೂ ಪಾಠವಾಗಬೇಕು. ಡಾ. ಸಿ. ಮಾದೇಗೌಡರಂಥ ಸೋಲಿಗರೇ ಮುಂದೆ ನಿಂತರು. ಹಿರಿಯರನ್ನು ಜತೆಗಿಟ್ಟುಕೊಂಡು ಕುಲಕುಲದ ಎಲ್ಲೆಗಳನ್ನು ನಡೆದು ಗುರುತಿಸಿದರು. ಪ್ರತಿ ಎಲ್ಲೆಯೊಳಗಿನ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ ಎಂಬ ಪವಿತ್ರ ತಾಣಗಳು ನಕ್ಷೆಗೆ ಇಳಿದವು. ಪೂಜೆಯ ನೆಲೆ ಕಾನೂನಿನ ಮುಂದೆ ಸಾಕ್ಷ್ಯವಾಯಿತು. 2011ರ ಜನವರಿಯಲ್ಲಿ ಬಿಳಿಗಿರಿಯನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಮೇಲೂ, ಅದೇ ವರ್ಷದ ಅಕ್ಟೋಬರ್ 2ರಂದು 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥದ್ದು ಆದದ್ದು ದೇಶದಲ್ಲಿ ಅದೇ ಮೊದಲು.

ಜನ ಇದ್ದರೆ ಹುಲಿ ಉಳಿಯದು ಎನ್ನುವವರಿಗೆ ಉತ್ತರ ಅಲ್ಲೇ ಇದೆ. 2010ರಿಂದ 2014ರ ನಡುವೆ ಬಿಳಿಗಿರಿಯ ಹುಲಿಗಳು 35ರಿಂದ 68ಕ್ಕೆ ಏರಿದವೆಂದು ಸರ್ಕಾರಿ ಎಣಿಕೆಯೇ ಹೇಳಿತು. ಸೋಲಿಗರು ಬೇಸಿಗೆಯ ಮೊದಲಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಳೆ ಹೇಗೆ ಕಾಡನ್ನೆಲ್ಲ ಆವರಿಸಿತು ಎಂಬುದನ್ನು ಯಾವುದೇ ಪೋಡಿನ ಹಿರಿಯರನ್ನು ಕೇಳಿದರೂ ಹೇಳುತ್ತಾರೆ.

ಹಕ್ಕಿನ ಕೆಲಸ ಬಿಳಿಗಿರಿಯಲ್ಲಿ ಆದ ಪ್ರಮಾಣದಲ್ಲಿ ಬಂಡೀಪುರದ ಅಂಚಿನಲ್ಲಿ ಯಾಕೆ ಆಗಲಿಲ್ಲ? 'ನೀವೀಗ ಕಾಡಿನೊಳಗಿಲ್ಲವಲ್ಲ, ನಿಮಗೆಂಥ ಹಕ್ಕು' ಎಂಬ ಮಾತಿಗೆ ಕಾಯ್ದೆಯ 3(1)(ಎಂ) ಖಂಡವೇ ಸಾಕು. 2005ರ ಡಿಸೆಂಬರ್ 13ಕ್ಕೆ ಮುನ್ನ ಪುನರ್ವಸತಿ ಇಲ್ಲದೆ ಎಬ್ಬಿಸಲ್ಪಟ್ಟವರಿಗೆ ಬದಲಿ ಭೂಮಿ ಸಹಿತ ಪುನರ್ವಸತಿಯ ಹಕ್ಕನ್ನು ಅದು ಕೊಡುತ್ತದೆ. ಗುಂಡ್ಲುಪೇಟೆಯ ಎಷ್ಟೋ ಹಾಡಿಗಳ ಕತೆ ಇದೇ. ಈ ಖಂಡವನ್ನು ಅವರಿಗೆ ಓದಿ ಹೇಳುವ ಕೆಲಸ ಯಾರದು? ಅರ್ಜಿ ತಿರಸ್ಕರಿಸಿದರೆ ಕಾರಣ ಲಿಖಿತವಾಗಿ ಕೊಡಬೇಕು, 60 ದಿನದೊಳಗೆ ಮೇಲ್ಮನವಿ ಹಾಕಬಹುದು, ಉಪಗ್ರಹ ಚಿತ್ರವೊಂದನ್ನೇ ನೆಪ ಮಾಡುವಂತಿಲ್ಲ. ಇದಕ್ಕೆ ವಕೀಲರೂ ಬೇಕಿಲ್ಲ, ಹಾಡಿಯಲ್ಲಿ ಕೂತು ಬರೆಯಬಲ್ಲ ಒಬ್ಬ ಕಾರ್ಯಕರ್ತ ಸಾಕು.

2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಕಾಡೂರು ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು. ರಸ್ತೆ, ನೀರು ಕೊಡದೆ ಮತ ಕೇಳಬೇಡಿ ಎಂಬ ಸಿಟ್ಟು ಅದರ ಹಿಂದಿತ್ತು. ಮತಯಂತ್ರ ಒಡೆದದ್ದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರಿಗೆ ಗ್ರಾಮಸಭೆಯ ಶಿಫಾರಸಿನ ಮೇಲೆ ಒಂದೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಿಡಿಸಿಕೊಳ್ಳುವ ದಾರಿ ಇದೇ ಕಾಯ್ದೆಯ 3(2)ರಲ್ಲಿದೆ. ಕಾಡೂರುಗಳಲ್ಲಿ ಇಂಥ ಠರಾವು ಬರೆಸುವ ಅಭ್ಯಾಸ ಬೆಳೆದಿದ್ದರೆ ಬೇಡಿಕೆಗೆ ಕಚೇರಿಯಲ್ಲೊಂದು ಕಡತ ಇರುತ್ತಿತ್ತು, ಅದಕ್ಕೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತಿತ್ತು.

ಸಂಸ್ಥೆಗಳನ್ನಷ್ಟೇ ದೂಷಿಸಿ ಸುಮ್ಮನಾಗುವಂತಿಲ್ಲ. ಅವುಗಳ ಕೈ ಕಟ್ಟಿದ್ದೂ ಕಾನೂನೇ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ದೊಡ್ಡ ಸಂಸ್ಥೆ ಸಣ್ಣದಕ್ಕೆ ಹಣ ವರ್ಗಾಯಿಸುವುದನ್ನು ನಿಷೇಧಿಸಿತು, ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಹಕ್ಕಿನ ಕೆಲಸಕ್ಕೆ ಬೇಕಾದದ್ದು ಮನುಷ್ಯರು, ಅವರ ಓಡಾಟ, ಅವರ ಸಂಬಳ. ಅದಕ್ಕೇ ಕತ್ತರಿ ಬಿತ್ತು. ಉಳಿದದ್ದು 2013ರ ಕಂಪನಿ ಕಾಯ್ದೆಯಡಿ ಸಾಮಾಜಿಕ ಹೊಣೆಗಾರಿಕೆಗೆಂದು ಬರುವ, ಲಾಭದ ಶೇ 2ರ ಹಣ. ಅದು ವರ್ಷದ ಕೊನೆಗೆ ಲೆಕ್ಕಕ್ಕೆ ಸಿಗುವ ಬ್ಯಾಗು, ಶೌಚಾಲಯ, ನೀರಿನ ಫಿಲ್ಟರುಗಳನ್ನೇ ಹುಡುಕುತ್ತದೆ. ಐದು ವರ್ಷ ಉಪವಿಭಾಗ ಸಮಿತಿಯ ಬಾಗಿಲಲ್ಲಿ ಸವೆಯುವ ಕಡತಕ್ಕೆ ಹಣ ಕೊಡುವ ಕಂಪನಿ ಎಲ್ಲಿದೆ?

ಇದೀಗ ಸಮಯವೂ ಮೀರುತ್ತಿದೆ. 2024ರ ಜೂನ್ 19ರಂದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ದೇಶದ ಹುಲಿ ತಾಣಗಳ ಮುಖ್ಯ ವಲಯದಲ್ಲಿರುವ 591 ಹಳ್ಳಿಗಳ ಸ್ಥಳಾಂತರಕ್ಕೆ ಆದ್ಯತೆ ಕೊಡಿ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿ ಪ್ಯಾಕೇಜು, ಜತೆಗೆ 'ಸ್ವಯಂಪ್ರೇರಿತ' ಎಂಬ ವಿಶೇಷಣ. ಹಕ್ಕು ಗುರುತಿಸಿ ಮುಗಿಯುವ ತನಕ ಯಾರನ್ನೂ ಎಬ್ಬಿಸಕೂಡದು ಎಂದು ಅರಣ್ಯ ಹಕ್ಕು ಕಾಯ್ದೆಯ 4(5) ಹೇಳುತ್ತದೆ. ಆದ್ದರಿಂದ ಯಾವ ಕಾರ್ಯಕರ್ತನೂ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸುವ ತಂಡದ ಜತೆ ಹಾಡಿಗೆ ಹೋಗಬಾರದು. ಸಮಾಜಕಾರ್ಯ ವಿಭಾಗಗಳು ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಹಾಡಿಯ ಅರಣ್ಯ ಹಕ್ಕು ಸಮಿತಿಗೇ ಕಳಿಸಲಿ. ಗುಂಡ್ಲುಪೇಟೆಯ ತಿರಸ್ಕೃತ ಅರ್ಜಿಗಳ ಪಟ್ಟಿಯನ್ನು, ಒಂದೊಂದರ ಕಾರಣದೊಡನೆ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಆಯಾ ಗ್ರಾಮಸಭೆಯ ಮುಂದೆ ಕನ್ನಡದಲ್ಲಿ ಓದಿಸಲಿ. ಯಾವುದೇ ಹಾಡಿಯಲ್ಲಿ ಪ್ಯಾಕೇಜಿನ ಮಾತು ಎತ್ತುವುದಿದ್ದರೆ ಅದಾದ ಮೇಲೆ ಎತ್ತಲಿ.