ಪ್ರಬಂಧದಾಚೆಗೂ ಸಾಗಲಿ ನ್ಯಾನೊ ವಿಜ್ಞಾನ

ಕೇಂದ್ರ ಸಚಿವ ಸಂಪುಟವು 2007ರ ಮೇ ತಿಂಗಳಲ್ಲಿ ‘ನ್ಯಾನೊ ಮಿಷನ್’ಗೆ ಒಪ್ಪಿಗೆ ನೀಡಿ, ಐದು ವರ್ಷಗಳಿಗೆ 1,000 ಕೋಟಿ ರೂಪಾಯಿ ನಿಗದಿಪಡಿಸಿತು. ಅದರ ಮಂಡಳಿಯ ನೇತೃತ್ವ ವಹಿಸಿದವರು ಬೆಂಗಳೂರಿನ ವಿಜ್ಞಾನಿ ಸಿ.ಎನ್.ಆರ್. ರಾವ್. ಆ ಹಣ ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಪ್ರಯೋಗಾಲಯಗಳು ತಲೆಯೆತ್ತಿದವು, ಯುವ ಸಂಶೋಧಕರು ರೂಪುಗೊಂಡರು, ಪ್ರಬಂಧಗಳ ಪ್ರಕಟಣೆಯಲ್ಲಿ ಭಾರತ ಮುಂಚೂಣಿ ದೇಶಗಳ ಸಾಲಿಗೆ ಸೇರಿತು. ಆದರೆ ಪ್ರಬಂಧದಿಂದ ರೋಗಿಯ ಹಾಸಿಗೆಯವರೆಗಿನ ದಾರಿ ಮಾತ್ರ ಇಂದಿಗೂ ದುರ್ಗಮವಾಗಿಯೇ ಉಳಿದಿದೆ.

ಈ ವಿಜ್ಞಾನದ ತಿರುಳು ಅರ್ಥಶಾಸ್ತ್ರದ ವಿದ್ಯಾರ್ಥಿಗೂ ನಿಲುಕುವಂಥದು. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸಿಯೂ ತಾನು ವ್ಯಯವಾಗದೆ ಉಳಿಯುವ ವಸ್ತುವೇ ಕ್ರಿಯಾವರ್ಧಕ. ಘನರೂಪದ ಕ್ರಿಯಾವರ್ಧಕದಲ್ಲಿ ಕೆಲಸ ನಡೆಯುವುದು ಮೇಲ್ಮೈಯಲ್ಲಿ; ಒಳಗಿನ ಲೋಹ ದುಡಿಯದ ಬಂಡವಾಳವಿದ್ದಂತೆ. ಒಂದು ಸೆಂಟಿಮೀಟರ್ ಬದಿಯ ಘನದ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರ್ ಬದಿಯ ಘನಗಳಾಗಿ ಒಡೆದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ 60x40 ಅಡಿಯ ಎರಡೂವರೆ ನಿವೇಶನಕ್ಕಿಂತ ಹೆಚ್ಚು! ವಾಹನಗಳ ಹೊಗೆಯನ್ನು ಶುದ್ಧೀಕರಿಸುವ ಸಾಧನದಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂತಹ ದುಬಾರಿ ಲೋಹಗಳನ್ನು ಅತಿಸೂಕ್ಷ್ಮ ಕಣಗಳಾಗಿ ಹರಡುವುದು ಇದೇ ಕಾರಣಕ್ಕೆ. ಗಾತ್ರ ಕುಗ್ಗಿದರೆ ಗುಣವೂ ಬದಲಾಗುತ್ತದೆ. ಜಡವೆಂದೇ ಹೆಸರಾದ ಚಿನ್ನ ಕೆಲವೇ ನ್ಯಾನೊಮೀಟರ್‌ಗಳ ಕಣವಾದಾಗ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಸೊನ್ನೆ ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲೂ ಪರಿವರ್ತಿಸಬಲ್ಲದು ಎಂದು ಜಪಾನಿನ ಮಸಾಟಾಕೆ ಹರುಟಾ 1987ರಲ್ಲಿ ತೋರಿಸಿಕೊಟ್ಟರು.

ನಮ್ಮ ದೇಹದಲ್ಲಿ ಕ್ರಿಯಾವರ್ಧಕದ ಕೆಲಸ ಮಾಡುವವು ಕಿಣ್ವಗಳು. ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು ಇಂಥದೊಂದು ಕಿಣ್ವದಂತೆ ವರ್ತಿಸುತ್ತವೆ ಎಂಬುದನ್ನು ಚೀನಾದ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಸಹೋದ್ಯೋಗಿಗಳು 2014ರಲ್ಲಿ, ವನೇಡಿಯಂ ಪೆಂಟಾಕ್ಸೈಡಿನ ನ್ಯಾನೊ ತಂತಿಗಳು ಜೀವಕೋಶವನ್ನು ಉತ್ಕರ್ಷಣದ ಹಾನಿಯಿಂದ ಕಾಪಾಡುವ ಕಿಣ್ವವನ್ನು ಅನುಕರಿಸುತ್ತವೆ ಎಂದು ನಿರೂಪಿಸಿದರು. ಇದೇ ಬಗೆಯ ಕೃತಕ ಕಿಣ್ವವು ಇಲಿಗಳ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆದ ವರದಿ 2025ರಲ್ಲಿ ಬಂತು. ಹನ್ನೊಂದು ವರ್ಷಗಳ ಪರಿಶ್ರಮದ ಬಳಿಕವೂ ವಿಷಯ ಇಲಿಗಳ ಹಂತದಲ್ಲಿದೆ. ಇದು ವಿಜ್ಞಾನಿಗಳ ಲೋಪವಲ್ಲ. ಮುಂದಿನ ಹಾದಿಯೇ ಅಷ್ಟು ದೀರ್ಘ, ಅಷ್ಟು ವೆಚ್ಚದಾಯಕ.

ಕಣಕ್ಕೆ ಶಕ್ತಿ ಕೊಡುವ ಮೇಲ್ಮೈಯ ಚುರುಕುತನವೇ ಅಪಾಯದ ಮೂಲವೂ ಆಗಬಲ್ಲದು. ದೇಹ ಸೇರಿದ ಕಣ ಯಕೃತ್ತಿನಲ್ಲಿ ಉಳಿಯುವುದೇ, ಎಷ್ಟು ಕಾಲ ಉಳಿಯುವುದು, ಒಂದು ತಯಾರಿಕೆಗೂ ಮತ್ತೊಂದಕ್ಕೂ ಗಾತ್ರ ವ್ಯತ್ಯಾಸವಾದರೆ ಪರಿಣಾಮವೇನು ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದೆ ಔಷಧವಿಲ್ಲ. ದಶಕಗಳ ಕಾಲ ಆಹಾರಕ್ಕೆ ಬಿಳುಪು ನೀಡಿದ ಟೈಟಾನಿಯಂ ಡೈಆಕ್ಸೈಡನ್ನು ಐರೋಪ್ಯ ಒಕ್ಕೂಟ 2022ರಲ್ಲಿ ನಿಷೇಧಿಸಿತು. ಅದರಲ್ಲಿದ್ದ ನ್ಯಾನೊ ಗಾತ್ರದ ಕಣಗಳೂ ಆ ಆತಂಕಕ್ಕೆ ಕಾರಣವಾಗಿದ್ದವು. ಮೊದಲು ಬಳಸಿ ಆಮೇಲೆ ಪರೀಕ್ಷಿಸುವ ಪದ್ಧತಿಯ ಬೆಲೆ ಏನೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ಪರೀಕ್ಷೆಗಳ ವೆಚ್ಚ ಭರಿಸುವವರು ಯಾರು? ಸುರಕ್ಷತೆಯ ಜ್ಞಾನ ಒಂದು ಸಾರ್ವಜನಿಕ ಸರಕು. ಒಬ್ಬರು ಹಣ ಸುರಿದು ಕಂಡುಕೊಂಡ ಸತ್ಯ ಮರುದಿನ ಎಲ್ಲರ ಸ್ವತ್ತಾಗುತ್ತದೆ. ಆದ್ದರಿಂದಲೇ ಖಾಸಗಿ ಬಂಡವಾಳ ಈ ಹಂತಕ್ಕೆ ಕಾಲಿಡಲು ಹಿಂಜರಿಯುತ್ತದೆ. ಕೇಂದ್ರವು 2025ರ ಜುಲೈನಲ್ಲಿ ಸಂಶೋಧನೆ ಮತ್ತು ನಾವೀನ್ಯಕ್ಕೆಂದು 1 ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಸಮ್ಮತಿ ನೀಡಿರುವುದು ಸ್ವಾಗತಾರ್ಹವೇ. ಆದರೆ ಅದು ಮುಖ್ಯವಾಗಿ ಮಾರುಕಟ್ಟೆಗೆ ಹತ್ತಿರವಾದ ತಂತ್ರಜ್ಞಾನಗಳಿಗೆ ಕಡಿಮೆ ಅಥವಾ ಶೂನ್ಯ ಬಡ್ಡಿಯ ದೀರ್ಘಾವಧಿ ಸಾಲ ಒದಗಿಸುವ ಯೋಜನೆ. ಆದಾಯ ತರದ ವಿಷಪರೀಕ್ಷೆಗೆಂದು ಸಾಲ ಮಾಡುವವರು ಯಾರಿದ್ದಾರೆ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2004ರಲ್ಲಿಯೇ ನ್ಯಾನೊ ವಸ್ತುಗಳ ಗುಣಲಕ್ಷಣ ಪರೀಕ್ಷೆಗೆ ಪ್ರತ್ಯೇಕ ಪ್ರಯೋಗಾಲಯ ಸ್ಥಾಪಿಸಿತು. ಆಯ್ಕೆಯಾದ ಸಂಶೋಧಕರಿಗೆ ಅಲ್ಲಿ ಪರೀಕ್ಷೆ ಉಚಿತ. ನಮ್ಮಲ್ಲಿ ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆ 2019ರಲ್ಲಿ ಮಾರ್ಗಸೂಚಿ ಬಂದಿದೆ, ಲಖನೌದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಪರಿಣತರಿದ್ದಾರೆ, ಬೆಂಗಳೂರಿನಲ್ಲಿ ಉಪಕರಣಗಳಿವೆ. ಇವನ್ನು ಒಂದೇ ಸೂರಿನಡಿ ತಂದು, ಯಾವುದೇ ವಿಶ್ವವಿದ್ಯಾಲಯದ ಸಂಶೋಧಕ ತನ್ನ ವಸ್ತುವನ್ನು ಶುಲ್ಕವಿಲ್ಲದೆ ಪರೀಕ್ಷಿಸಿಕೊಳ್ಳುವ ಸಾರ್ವಜನಿಕ ವ್ಯವಸ್ಥೆ ರೂಪಿಸಬೇಕು. ಫಲಿತಾಂಶ ಅನುಕೂಲಕರವಾಗಿರಲಿ, ಪ್ರತಿಕೂಲವಾಗಿರಲಿ, ಅದನ್ನು ಪ್ರಕಟಿಸುವುದು ಕಡ್ಡಾಯವಾಗಬೇಕು.

ಸೇವೆಯಲ್ಲಿದ್ದಾಗ ಸಂಶೋಧನಾ ಪ್ರಸ್ತಾವಗಳ ಕಡತಗಳಲ್ಲಿ ‘ಎಷ್ಟು ಪ್ರಬಂಧ ಪ್ರಕಟವಾಗಿವೆ, ಹಣ ಪೂರ್ತಿ ಖರ್ಚಾಗಿದೆಯೇ’ ಎಂದು ಷರಾ ಬರೆದವರಲ್ಲಿ ನಾನೂ ಒಬ್ಬ. ಆ ವಸ್ತು ಮುಂದೇನಾಯಿತೆಂದು ಕೇಳಿದ ನೆನಪಿಲ್ಲ. ಕೇಳದ ಪ್ರಶ್ನೆಗೆ ಆಡಳಿತ ಹಣ ಒದಗಿಸುವುದಿಲ್ಲ. ಆ ಪ್ರಶ್ನೆಯನ್ನು ಇನ್ನಾದರೂ ಕಡತದ ಮೊದಲ ಪುಟದಲ್ಲೇ ಬರೆಯುವಂತಾಗಲಿ.